ಗೃಹಸ್ಥರ ಯಂತ್ರವಿಚಾರ: ಮೋಟಾರಿನ ಸ್ಟಿಯರಿಂಗ್ ಚಕ್ರ

ರಥದ ಕುದುರೆಗಳ ಲಗಾಮಿಗೆ ಸಂಸ್ಕೃತದಲ್ಲಿ ‘ಪ್ರಗ್ರಹ’ವೆಂದು ಹೆಸರು, ಬಿಗಿಯಾಗಿ ಹಿಡಿಯುವುದೆಂಬ ಅರ್ಥವು ಅದರ ಧಾತುವಿನಲ್ಲಿಯೇ ಇದೆ. ಕುದುರೆಯಿಲ್ಲದ ಈಗಿನ ರಥದಲ್ಲಿ ಆ ಸ್ಥಾನವು ಸ್ಟಿಯರಿಂಗ್ ಚಕ್ರಕ್ಕೆ ಸಂದಿದೆ. ಅದು ಸವೆದಾಗ ಅಥವಾ ಬಿರುಕುಬಿಟ್ಟಾಗ ಮನೆಯಲ್ಲಿಯೇ ಬದಲಿಸಬಹುದೇ ಎಂದು ಕೆಲವರು ಕೇಳುವುದುಂಟು. ಚಕ್ರದ ನಡುವೆ ಏನಿದೆಯೆಂಬುದನ್ನು ತಿಳಿದಲ್ಲದೆ ಇದಕ್ಕೆ ಉತ್ತರ ಹೇಳಲಾಗದು.

ಹಳೆಯ ಗಾಡಿಗಳಲ್ಲಿ ಅಲ್ಲಿರುವುದು ಹಾರನ್ನಿನ ಗುಂಡಿಯೊಂದೇ. ಇಂಥ ಗಾಡಿಯ ಕೆಲಸವು ಸಾವಧಾನಿಗೆ ಅಸಾಧ್ಯವಲ್ಲ. ಮುಂದಿನ ಗಾಲಿಗಳನ್ನು ನೆಟ್ಟಗೆ ನಿಲ್ಲಿಸಿ, ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚತಕ್ಕದ್ದು. ಹಾರನ್ನಿನ ಮುಚ್ಚಳವನ್ನು ತೆಗೆದರೆ ನಡುವಿನ ದೊಡ್ಡ ನಟ್ಟು ಕಾಣುವುದು. ಚಕ್ರಕ್ಕೂ ದಂಡಕ್ಕೂ ಸೇರುವಂತೆ ಬಣ್ಣದಿಂದ ಒಂದು ಗೆರೆಯನ್ನೆಳೆದುಕೊಂಡರೆ ಮರಳಿ ಜೋಡಿಸುವಾಗ ಓರೆಯಾಗದು. ನಟ್ಟನ್ನು ಸಡಿಲಿಸಿ, ನಾಲ್ಕೈದು ಸುತ್ತು ದಂಡದ ಮೇಲೆಯೇ ಉಳಿಸಿ, ಆಮೇಲೆ ಚಕ್ರವನ್ನು ಎಳೆಯಬೇಕು. ಪೂರ್ಣ ಬಿಚ್ಚಿದರೆ ಚಕ್ರವು ಥಟ್ಟನೆ ಕಳಚಿ ಮುಖಕ್ಕೆ ಬಡಿದೀತು. ಬಾರದಿದ್ದರೆ ಪುಲ್ಲರನ್ನು ಉಪಯೋಗಿಸಬೇಕೇ ಹೊರತು ಸುತ್ತಿಗೆಯಿಂದ ಹೊಡೆಯಲಾಗದು. ಅಪಘಾತದಲ್ಲಿ ಕುಗ್ಗಿ ಎದೆಯನ್ನು ಕಾಯುವಂತೆ ರಚಿತವಾದ ದಂಡವಾದರೆ ಪೆಟ್ಟಿನಿಂದ ಕೆಡುವುದು. ಹೊಸ ಚಕ್ರದ ಹಲ್ಲುಗಳು ದಂಡದ ಹಲ್ಲುಗಳಿಗೆ ಸರಿಹೊಂದಬೇಕು. ನಟ್ಟನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಮಾಡಬೇಕು. ತರುವಾಯ ಹಾರನ್ನು, ತಿರುವು ದೀಪ, ಚಕ್ರದ ಅಲುಗಾಟ ಇವುಗಳನ್ನು ಪರೀಕ್ಷಿಸಿಯೇ ಬೀದಿಗೆ ಇಳಿಯತಕ್ಕದ್ದು.

ಚಕ್ರದ ಮೇಲೆ ‘ಎಸ್.ಆರ್.ಎಸ್.’ ಎಂಬ ಅಕ್ಷರಗಳಿದ್ದರೆ ವಿಷಯವೇ ಬೇರೆ. ಅದರೊಳಗೆ ಗಾಳಿಚೀಲವಿದೆ. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳ ಚಾಲಕನಿಗೆ ಇದು ಕಡ್ಡಾಯವಾಗಿದೆ. ಅಪಘಾತವಾದೊಡನೆ ಒಂದು ರಾಸಾಯನಿಕ ದ್ರವ್ಯವು ಉರಿದು, ಕಣ್ಣು ರೆಪ್ಪೆ ಬಡಿಯುವುದರೊಳಗೆ ಚೀಲವನ್ನು ಅನಿಲದಿಂದ ತುಂಬುವುದು. ಆ ವೇಗವೇ ಪ್ರಾಣರಕ್ಷಕ; ಅಕಾಲದಲ್ಲಿ ಅದೇ ಅಪಾಯಕಾರಿ. ಬ್ಯಾಟರಿಯನ್ನು ಬಿಚ್ಚಿದ ಮೇಲೆಯೂ ಕೆಲವು ಕಾಲ ವಿದ್ಯುತ್ತು ಉಳಿದಿರುವುದು. ಚೀಲದ ತಂತಿಗೆ ಮಾಪಕಯಂತ್ರವನ್ನು ತಾಗಿಸಿದರೂ ಅದು ಸಿಡಿಯಬಹುದು. ಚಕ್ರದ ಹಿಂದೆ ಸುರುಳಿಯಾದ ಪಟ್ಟಿತಂತಿಯೊಂದಿದೆ. ಅದನ್ನು ನಡುಸ್ಥಾನದಿಂದ ತಪ್ಪಿಸಿ ಜೋಡಿಸಿದರೆ, ಚಕ್ರವನ್ನು ಪೂರ್ಣ ತಿರುಗಿಸಿದಾಗ ಹರಿದುಹೋಗುವುದು. ಆದುದರಿಂದ ಈ ಕೆಲಸವನ್ನು ತರಬೇತಿ ಪಡೆದವನಿಗೆ ಬಿಡುವುದೇ ಲೇಸು.

ಇನ್ನೊಂದು ಮಾತನ್ನು ಯುವಕರಿರುವ ಮನೆಗಳವರು ಗಮನಿಸಬೇಕು. ಅಂಗಡಿಗಳಲ್ಲಿ ಮೂರು ಕಡ್ಡಿಯ ಚೆಲುವಾದ ಸಣ್ಣ ಚಕ್ರಗಳು ದೊರೆಯುತ್ತವೆ. ಅವುಗಳಲ್ಲಿ ಅನೇಕಕ್ಕೆ ಗಾಳಿಚೀಲವಿರುವುದಿಲ್ಲ. ಅದನ್ನು ಜೋಡಿಸಿದೊಡನೆ ಎಚ್ಚರಿಕೆಯ ದೀಪವು ಹತ್ತುವುದು. ಆಗ ಕೆಲವರು ಒಂದು ಸಣ್ಣ ರೆಸಿಸ್ಟರನ್ನು ಸೇರಿಸಿ ದೀಪವನ್ನು ಆರಿಸುತ್ತಾರೆ. ಎಲ್ಲವೂ ಸರಿಯಿದೆಯೆಂದು ಯಂತ್ರವೇ ಸುಳ್ಳು ಹೇಳುವಂತೆ ಮಾಡುವ ಉಪಾಯವಿದು. ಮರುದಿನ ಆ ಗಾಡಿಯನ್ನು ನಡೆಯಿಸುವವನು ಅಣ್ಣನೋ ತಂದೆಯೋ ಆಗಿರಬಹುದು. ಎದೆಯ ಮುಂದೆ ರಕ್ಷೆಯಿಲ್ಲವೆಂಬುದು ಅವನಿಗೆ ತಿಳಿಯದು. ಚಕ್ರವು ಸವೆದಿದ್ದರೆ ಮೇಲೆ ಒಳ್ಳೆಯ ತೊಗಲನ್ನು ಹೊಲಿಸಿಕೊಳ್ಳಲಿ. ಒಡೆದಿದ್ದರೆ ಅದೇ ಗಾಡಿಗೆ ತಕ್ಕ ಚಕ್ರವನ್ನೇ ತರಿಸಲಿ. ಚೆಲುವಿಗಾಗಿ ರಕ್ಷೆಯನ್ನು ಕಳೆದುಕೊಳ್ಳುವುದು ವಿವೇಕಿಗಳ ಮಾರ್ಗವಲ್ಲ.