ಮೌಸ್ ಮೇಷ್ಟ್ರ ಕೈಯಲ್ಲೇ ಇರಲಿ

ಕಳೆದ ತಿಂಗಳು ಊರಿಗೆ ಹೋದಾಗ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರದ ಟೀ ಅಂಗಡಿಯಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಸಿಕ್ಕಿದರು. ನಿವೃತ್ತರಾಗಿ ಮೂರು ವರ್ಷ ಆಯಿತಂತೆ. ನನ್ನನ್ನು ನೋಡಿದವರೇ, "ಏನಪ್ಪಾ ಸಾಫ್ಟ್‌ವೇರು, ಈಗ್ಲೂ ಬೇರೆಯವರ ಕೈಯಿಂದ ಮೌಸ್ ಕಿತ್ಕೊಳ್ತೀಯಾ?" ಅಂತ ನಕ್ಕರು. ಹನ್ನೊಂದು ವರ್ಷದ ಹಿಂದಿನ ಮಾತು. ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. ಆ ಕತೆ ನಿಮಗೂ ಹೇಳಬೇಕು ಅನ್ನಿಸಿತು.

ಅದು 2013. ನಾನು ಹಾಸನದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಪ್ರಪಂಚದಲ್ಲಿ ಕಂಪ್ಯೂಟರ್ ಗೊತ್ತಿರೋದು ನನಗೊಬ್ಬನಿಗೇ ಅನ್ನೋ ವಯಸ್ಸು. ಮೇಷ್ಟ್ರಿಗೆ ಆಗ ಐವತ್ತೆರಡು. ಹಳೇಬೀಡಿನ ಆಸುಪಾಸಿನ ಒಂದು ಪ್ರೌಢಶಾಲೆಯಲ್ಲಿದ್ದರು. ಅಲ್ಲಿನ ಕಂಪ್ಯೂಟರ್ ಕೋಣೆಗೆ ಯಾವಾಗಲೂ ಬೀಗ. ಮಕ್ಕಳು ಮುಟ್ಟಿ ಕೆಟ್ಟುಹೋದರೆ ಉತ್ತರ ಹೇಳೋರು ಯಾರು ಅನ್ನೋ ಭಯ. ಕಂಪ್ಯೂಟರುಗಳ ಮೇಲೆ ಹೊದಿಸಿದ ಬಟ್ಟೆಯ ಮೇಲೆ ಒಂದು ಬೆರಳು ಧೂಳು.

ಆ ಹೊತ್ತಿಗೆ ಮೇಷ್ಟ್ರಿಗೆ ತರಬೇತಿಯ ಆದೇಶ ಬಂತು. ನಿಮ್ಮಲ್ಲಿ ಶಿಕ್ಷಕರಾಗಿದ್ದವರಿಗೆ ನೆನಪಿರಬಹುದು, 'ವಿಷಯ ಶಿಕ್ಷಕರ ವೇದಿಕೆ' ಅಂತ 2011ರಲ್ಲಿ ಒಂದು ಕಾರ್ಯಕ್ರಮ ಶುರುವಾಗಿತ್ತು. ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಕಂಪ್ಯೂಟರ್ ಕಲಿಸುತ್ತಿದ್ದವು. ಉಬುಂಟು ಅನ್ನೋ ಉಚಿತ ತಂತ್ರಾಂಶ, ಗಣಿತದವರಿಗೆ ಜಿಯೋಜೀಬ್ರಾ, ಎಲ್ಲರಿಗೂ ಇಮೇಲ್. ಬೇರೆಯವರು ಮಾಡಿದ ಪಾಠವನ್ನು ಬರೀ ತೋರಿಸೋದಲ್ಲ, ಶಿಕ್ಷಕರೇ ಪಾಠದ ಸಾಮಗ್ರಿ ತಯಾರಿಸಿ ಹಂಚಿಕೊಳ್ಳಬೇಕು ಅನ್ನೋದು ಅದರ ಉದ್ದೇಶ.

ಮೇಷ್ಟ್ರು ತರಬೇತಿ ಮುಗಿಸಿ ಬಂದವರೇ ಮಕ್ಕಳಿಗಾಗಿ ಒಂದು ಬ್ಲಾಗ್ ಮಾಡ್ತೀನಿ ಅಂತ ಕೂತರು. ರಜೆಗೆ ಬಂದಿದ್ದ ನನಗೆ ಬುಲಾವ್. ಹೋಗಿ ನೋಡಿದರೆ ಪರದೆ ತುಂಬಾ ಅಸಂಬದ್ಧ. ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳು, ಮಧ್ಯೆ ಮಧ್ಯೆ ಬ್ರಿಟಿಷರ ಪೌಂಡ್ ಚಿಹ್ನೆ! "ಹೊಯ್ಸಳರ ಪಾಠ ಹಾಕಿದ್ರೆ ಈಸ್ಟ್ ಇಂಡಿಯಾ ಕಂಪನಿ ಬಂದು ಕೂತಿದೆಯಲ್ಲೋ" ಅಂದರು ಮೇಷ್ಟ್ರು.

ತಪ್ಪು ಅವರದಲ್ಲ. ವರ್ಷಗಳಿಂದ ಪ್ರಶ್ನೆಪತ್ರಿಕೆ, ನೋಟ್ಸು ಎಲ್ಲಾ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದರು. ಆಗಿನ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ವೇಷ ಬಯಲು. 'ನ' ಕೂತಿದ್ದ ಜಾಗ ಪೌಂಡಿನದು. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೇ ಅಂತ 128 ಮನೆಗಳ ಒಂದು ಬೀದಿ ಇದೆ, 'ಕ' ಅಕ್ಷರದ ಮನೆ ನಂಬರ್ 3221. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದು 'ಕ'ನೇ.

ಇಷ್ಟು ವಿವರಿಸುವ ತಾಳ್ಮೆ ನನಗೆಲ್ಲಿತ್ತು? "ಬಿಡಿ ಸಾರ್, ನಾನೇ ಮಾಡ್ತೀನಿ" ಅಂತ ಮೌಸ್ ಕಿತ್ಕೊಂಡು ಹತ್ತು ನಿಮಿಷದಲ್ಲಿ ಎಲ್ಲಾ ಸರಿಮಾಡಿ ಕೊಟ್ಟೆ. ಮೇಷ್ಟ್ರು ಅದನ್ನು ಮತ್ತೆ ಮೊದಲಿನ ಹಾಗೇ ಕೆಡಿಸಿದರು. ಬೇಕಂತಲೇ! "ನೀನು ಸೋಮವಾರ ಹಾಸನಕ್ಕೆ ಹೋಗ್ತೀಯ. ನನ್ನ ಲೆಕ್ಕ ನೀನು ಬಿಡಿಸಿದ್ರೆ ಪರೀಕ್ಷೇಲಿ ನಾನೇನ್ ಬರೀಲಿ? ಬಾಯಲ್ಲಿ ಹೇಳು, ಕೈ ಹಿಂದೆ ಕಟ್ಕೊ" ಅಂದರು. ಚಿಕ್ಕಂದಿನಲ್ಲಿ ಅವರ ಮುಂದೆ ಕೈ ಕಟ್ಟಿ ನಿಂತಿದ್ದವನು ಅವತ್ತು ಮತ್ತೆ ಹಾಗೇ ನಿಂತೆ. ಒಂದೂವರೆ ಗಂಟೆ ಆಯಿತು. ಮಧ್ಯೆ ಕರೆಂಟ್ ಹೋಗಿ ಎರಡು ಸಲ ಮೊದಲಿಂದ ಶುರು. ಸಮಾಧಾನದ ಸಂಗತಿ ಅಂದರೆ ನುಡಿಯ ಕೀಲಿಮಣೆ ವಿನ್ಯಾಸವೇ ಯೂನಿಕೋಡ್‌ಗೂ ಸಿಗುತ್ತಿತ್ತು. ಬೆರಳು ಹೊಸದಾಗಿ ಕಲಿಯಬೇಕಿರಲಿಲ್ಲ.

ಮೊದಲ ತಿಂಗಳು ಪಠ್ಯಪುಸ್ತಕದ್ದೇ ನೋಟ್ಸ್ ಹಾಕಿದರು. ಓದಿದವರ ಲೆಕ್ಕ ಹದಿನಾಲ್ಕು ತೋರಿಸುತ್ತಿತ್ತು, ಅದರಲ್ಲಿ ಒಂಬತ್ತು ಸಲ ತೆರೆದವರು ಅವರೇ. "ಸಾರ್, ಇದು ಪುಸ್ತಕದಲ್ಲೇ ಇದೆಯಲ್ಲ" ಅಂದನಂತೆ ಒಬ್ಬ ಹುಡುಗ. ಆಮೇಲೆ ಮೇಷ್ಟ್ರು ದಾರಿ ಬದಲಿಸಿದರು. ಕಂಪ್ಯೂಟರ್ ಕೋಣೆಯ ಬೀಗದ ಕೈ ಜೇಬಿಗೆ ಬಂತು, ಬರೆಯೋರು ಮಕ್ಕಳಾದರು. ದ್ವಾರಸಮುದ್ರ ಕೆರೆ, ಹುಲಿಕೆರೆಯ ಕಲ್ಯಾಣಿ, ಮುಖ ಕಾಣುವಷ್ಟು ಹೊಳೆಯುವ ಬಸ್ತಿಹಳ್ಳಿಯ ಬಸದಿ ಕಂಬಗಳು. ದಿನಾ ಸೈಕಲ್ಲಿನಲ್ಲಿ ದಾಟಿ ಹೋಗುವ ಜಾಗಗಳ ಬಗ್ಗೆ ಮಕ್ಕಳು ಮೊದಲ ಸಲ ನಿಂತು ನೋಡಿ ಬರೆದರು. ಅಪ್ಪ ಅಮ್ಮನನ್ನು ಕೇಳಿ ಒಪ್ಪಿಗೆ ಪಡೆದು, ಕೆಳಗೆ ಮಗುವಿನ ಹೆಸರಷ್ಟೇ ಹಾಕುತ್ತಿದ್ದರು. ಫೋಟೋ ಇಲ್ಲ, ಊರು ವಿಳಾಸ ಇಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೊಯ್ಸಳೇಶ್ವರ ದೇವಸ್ಥಾನದ ಬಗ್ಗೆ ಚೆಂದದ ಬರಹ ಬರೆದಳು. ಅದನ್ನು ಕೆತ್ತಿದ್ದು ಜಕಣಾಚಾರಿ ಅಂತಲೂ ಬರೆದಳು. ಮೇಷ್ಟ್ರು ಪ್ರಕಟಿಸಿದರು. ಎರಡು ದಿನ ಬಿಟ್ಟು, ದೇವಸ್ಥಾನದ ಬಾಗಿಲಲ್ಲಿ ಪುಸ್ತಕ ಮಾರುವವರ ಮಗ ಎದ್ದು ನಿಂತ. "ಸಾರ್, ಮೂರ್ತಿಗಳ ಕೆಳಗೆ ಶಿಲ್ಪಿಗಳು ಹೆಸರು ಕೆತ್ತಿದಾರಂತೆ. ಜಕಣಾಚಾರಿ ಹೆಸರು ಎಲ್ಲಿದೆ ಸಾರ್?"

ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ಪಾಠದಲ್ಲಿ ಹೇಳಿದ್ದೂ ಜಕಣಾಚಾರಿ ಅಂತಲೇ. ನನಗೆ ಹೇಳಿದ್ದೂ ಅದೇ. ಅಂದು ರಾತ್ರಿ ಹಾಸ್ಟೆಲ್‌ಗೆ ಫೋನು ಬಂತು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟದ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಕ್ಕಿತು. ಡಾಂಗಲ್ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳೋಕೆ ಒಂದು ಸಂಜೆ ಹಿಡಿಯಿತು. ಮೇಷ್ಟ್ರು ಅದನ್ನೂ, ಹಳೆಯ ಪುರಾತತ್ವ ವರದಿಗಳನ್ನೂ ಹುಡುಕಿ ಹುಡುಕಿ ಓದಿದರು. ಬೇಲೂರಿನಲ್ಲಿ ಬಳ್ಳಿಗಾವಿಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಇದ್ದಾನೆ. ನಮ್ಮ ಹಳೇಬೀಡಿನ ಗೋಡೆಗಳಲ್ಲೂ ಹಲವು ರೂವಾರಿಗಳ ಹೆಸರಿವೆ. ಜಕಣಾಚಾರಿ ಮಾತ್ರ ಸಿಗಲಿಲ್ಲ. ಅವನು ಕೈದಾಳದ ಕತೆಯಲ್ಲಿ, ಜನರ ಬಾಯಲ್ಲಿ ಉಳಿದವನು. ಅವನ ಹೆಸರಲ್ಲಿ ಸರ್ಕಾರ ಶಿಲ್ಪಿಗಳಿಗೆ ಪ್ರಶಸ್ತಿಯನ್ನೂ ಕೊಡುತ್ತದೆ. ಕತೆ ದೊಡ್ಡದೇ, ಆದರೆ ಕತೆಯನ್ನು ಕತೆ ಅಂತ ಹೇಳಿ ಪಾಠ ಮಾಡಬೇಕಿತ್ತು.

"ಆ ಸಾಲು ಡಿಲೀಟ್ ಮಾಡಿಬಿಡಿ ಸಾರ್, ಯಾರಿಗೂ ಗೊತ್ತಾಗಲ್ಲ" ಅಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇಪ್ಪತ್ತೆರಡು ವರ್ಷ ಕ್ಲಾಸಲ್ಲಿ ಹೇಳಿದ್ದನ್ನ ಎಲ್ಲಿ ಡಿಲೀಟ್ ಮಾಡ್ಲಿ? ಇಲ್ಲಾದ್ರೂ ಕಾಣೋ ಹಾಗೆ ಇರ್ಲಿ" ಅಂದರು.

ಆ ಸಾಲಿನ ಮೇಲೆ ಒಂದು ಅಡ್ಡಗೆರೆ ಎಳೆದು, ಕೆಳಗೆ ಒಂದೇ ಬೆರಳಿನಲ್ಲಿ ತಾವೇ ಟೈಪ್ ಮಾಡಿದರು: ಈ ತಪ್ಪು ಬರೆದ ವಿದ್ಯಾರ್ಥಿನಿಯದಲ್ಲ, ಕಲಿಸಿದ ನನ್ನದು. ಅದರ ಕೆಳಗೆ ಪ್ರಶ್ನೆ ಕೇಳಿದ ಹುಡುಗನ ಹೆಸರನ್ನೂ ಹಾಕಿದರು. ಮಾರನೇ ದಿನ ಕ್ಲಾಸಿನಲ್ಲೂ ಎದ್ದು ನಿಂತು ಅದನ್ನೇ ಹೇಳಿದರಂತೆ. ಆ ಹುಡುಗಿ ಅಳುವುದನ್ನು ನಿಲ್ಲಿಸಿದ್ದು ಆವಾಗಲೇ ಅಂತ ಆಮೇಲೆ ಗೊತ್ತಾಯಿತು. ಎರಡು ದಿನದಿಂದ ಹುಡುಗರು ಅವಳನ್ನು 'ಜಕಣಾಚಾರಿ' ಅಂತ ರೇಗಿಸುತ್ತಿದ್ದರು.

ನನ್ನ ಕೆಲಸದಲ್ಲಿ ದಿನಾ ಇದೇ ಮಾಡುತ್ತೇನೆ. ಕೋಡ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನೋದೆಲ್ಲಾ ದಾಖಲಾಗುತ್ತದೆ, ಹಳೆಯದು ಅಳಿಯೋದಿಲ್ಲ. ಅದಕ್ಕೆ ನಮಗೆ ದೊಡ್ಡ ದೊಡ್ಡ ಸಾಧನಗಳಿವೆ. ಆದರೂ ಟೀಮ್ ಮೀಟಿಂಗಿನಲ್ಲಿ "ಈ ತಪ್ಪು ನನ್ನದು" ಅನ್ನೋಕೆ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಮೇಷ್ಟ್ರು ಮೊಬೈಲಿನಲ್ಲೇ ಪಾಠ ಮಾಡಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನೇ ಇರಲಿಲ್ಲ. ವಿದ್ಯಾಗಮ ಶುರುವಾದಾಗ ಅವರು ಬ್ಲಾಗಿನಲ್ಲಿದ್ದ ಮಕ್ಕಳ ಹಳೆಯ ಬರಹಗಳನ್ನು ಪ್ರಿಂಟ್ ತೆಗೆಸಿ, ಸ್ಕೂಟರಿನಲ್ಲಿಟ್ಟುಕೊಂಡು ಹಳ್ಳಿಯ ಜಗಲಿಗಳಲ್ಲಿ ಕೂತು ಓದಿಸಿದರಂತೆ.

ನಿಮ್ಮ ಮನೆಯಲ್ಲೂ ಒಬ್ಬರು ಶಿಕ್ಷಕರೋ, ಅಪ್ಪನೋ, ಅತ್ತೆಯೋ ಹೊಸದಾಗಿ ಕಂಪ್ಯೂಟರ್ ಕಲಿಯುತ್ತಿರಬಹುದು. ಕಲಿಸುವಾಗ ದಯವಿಟ್ಟು ಮೌಸ್ ಮುಟ್ಟಬೇಡಿ. ತಡವಾಗುತ್ತದೆ, ಆಗಲಿ. ಹತ್ತು ನಿಮಿಷದಲ್ಲಿ ನೀವು ಮಾಡಿಕೊಟ್ಟಿದ್ದು ನಿಮ್ಮದಾಗಿಯೇ ಉಳಿಯುತ್ತದೆ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿಸಿ, ಒಂದು ಪ್ರತಿ ಬೇರೆ ಕಡೆ ತೆಗೆದಿಡಿ.

ಟೀ ಅಂಗಡಿಯಲ್ಲಿ ಮೇಷ್ಟ್ರು ಫೋನ್ ತೆಗೆದು ಆ ಹಳೆಯ ಬರಹ ತೋರಿಸಿದರು. ಅಡ್ಡಗೆರೆ ಹಾಗೇ ಇತ್ತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವಲ್ಲ, ಆ ಸಾಲು ಕೆಳಗೆ ಸೇರಿಸಬೇಕಂತೆ. ತಿದ್ದುವ ಗುಂಡಿ ಎಲ್ಲಿದೆ ಅಂತ ಹುಡುಕುತ್ತಿದ್ದರು. ಅದು ಮೇಲೆಯೇ ಇತ್ತು, ನನಗೆ ಕಾಣುತ್ತಿತ್ತು. ಕೈ ಮುಂದೆ ಹೋಯಿತು. ವಾಪಸ್ ತಗೊಂಡು ಟೀ ಲೋಟ ಹಿಡಿದುಕೊಂಡೆ.

"ಹಾಂ, ಸಿಕ್ತು" ಅಂದರು ಮೇಷ್ಟ್ರು.