ಮನೆಯ ವೈದ್ಯರ ಸ್ಥಾನ

ಉಡುಪಿ ಸೀಮೆಯಲ್ಲಿ ವೈದ್ಯರ ಬರವಿದೆಯೆಂದು ಇಂದು ಯಾರೂ ಹೇಳಲಾರರು. 1923ರಲ್ಲಿ ಡಾಕ್ಟರ್ ಈವಾ ಲೊಂಬಾರ್ಡ್‌ರವರು ಉಡುಪಿಯಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದರು. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಹೃದಯಕ್ಕೊಬ್ಬರು, ಮೂತ್ರಪಿಂಡಕ್ಕೊಬ್ಬರು, ಎಲುಬಿಗೊಬ್ಬರು ಎಂಬಂತೆ ಪರಿಣತರು ಈಗ ಸಮೀಪದಲ್ಲಿಯೇ ಇದ್ದಾರೆ. ಇದು ನಾಡಿನ ಭಾಗ್ಯವೇ ಸರಿ. ಆದರೆ ರೋಗಿಯನ್ನು ಇಡಿಯಾಗಿ ಅರಿತವರಾರು?

ಕಾರ್ಕಳದ ಕಡೆಯ ವೃದ್ಧೆಯೊಬ್ಬಳ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಲಿ. ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ ಇದ್ದಾರೆ. ರಕ್ತದೊತ್ತಡಕ್ಕೆ ಒಬ್ಬರ ಮಾತ್ರೆ, ಮೊಣಕಾಲ ನೋವಿಗೆ ಮತ್ತೊಬ್ಬರ ಮಾತ್ರೆ. ಒಂದೊಂದು ಚೀಟಿಯೂ ತನ್ನ ಮಟ್ಟಿಗೆ ಸರಿಯೇ. ಆದರೆ ನೋವನ್ನು ತಗ್ಗಿಸುವ ಕೆಲವು ಮಾತ್ರೆಗಳು ರಕ್ತದೊತ್ತಡವನ್ನು ಏರಿಸಬಲ್ಲವು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಒಂದೇ ಔಷಧವು ಎರಡು ಹೆಸರುಗಳಿಂದ ಮನೆ ಸೇರುವುದೂ ಉಂಟು. ಚೀಟಿಗಳನ್ನೆಲ್ಲ ಒಟ್ಟಿಗಿಟ್ಟು ನೋಡುವವರಿಲ್ಲದೆ, ಆ ವೃದ್ಧೆಯೇ ಕಾಗದದ ಚೀಲವನ್ನು ಹೊತ್ತು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಗಿದೆ.

ಒಟ್ಟಿಗಿಟ್ಟು ನೋಡುವ ಈ ಕಾರ್ಯವು ಮನೆಯ ವೈದ್ಯರದು. ಅವರು ಪರಿಣತರ ದಾರಿಗೆ ಅಡ್ಡವಾಗುವರೆಂದು ಕೆಲವರು ಶಂಕಿಸಬಹುದು. ಯಾವ ಬಾಗಿಲನ್ನು ಯಾವಾಗ ತಟ್ಟಬೇಕೆಂದು ತಿಳಿಸುವವರು ಅಡ್ಡಿಯಲ್ಲ, ದಾರಿ ತೋರುವವರು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಕುಟುಂಬ ವೈದ್ಯಶಾಸ್ತ್ರದ ಉನ್ನತ ಶಿಕ್ಷಣಕ್ಕೆ ಪ್ರೋತ್ಸಾಹವೀಯಬೇಕೆಂದು ಹೇಳಿತು. ಆದರೆ ಮರುವರ್ಷ ಆರಂಭವಾದ ಆಯುಷ್ಮಾನ್ ಭಾರತದ ವಿಮೆಯು ಆಸ್ಪತ್ರೆಗೆ ಸೇರಿದವರ ವೆಚ್ಚವನ್ನು ಭರಿಸುವುದೇ ಹೊರತು ಮನೆಯ ವೈದ್ಯರ ಸಲಹೆಯ ವೆಚ್ಚವನ್ನಲ್ಲ. ರೋಗವು ಬಲಿತ ಮೇಲೆ ಹಣ, ಬಲಿಯದಂತೆ ಕಾಯುವವರಿಗೆ ಬರಿಯ ಹೊಗಳಿಕೆ ಎಂಬುದು ಯಾವ ನ್ಯಾಯ?

ಮಹಾಜನರೂ ಇದರಲ್ಲಿ ನಿರ್ದೋಷಿಗಳಲ್ಲ. ಸೂಜಿ ಚುಚ್ಚದೆ, ಔಷಧ ಬರೆಯದೆ ಹೇಳಿದ ಬುದ್ಧಿವಾದಕ್ಕೆ ಶುಲ್ಕವೇಕೆಂದು ಕೇಳುವ ಚಾಳಿ ನಮ್ಮಲ್ಲಿದೆ.

ನಾವು ಕೇಳುವುದು ಅಸಾಧ್ಯವಾದುದನ್ನಲ್ಲ. ಕಾಪುವಿನ ವೈದ್ಯರು ಮಣಿಪಾಲಕ್ಕೆ ಕಳುಹುವ ರೋಗಿಯ ಕೈಯಲ್ಲಿ ಪೂರ್ವವೃತ್ತಾಂತದ ಪತ್ರವೊಂದಿರಲಿ. ದೊಡ್ಡ ಆಸ್ಪತ್ರೆಯಿಂದ ರೋಗಿಯು ಮರಳುವಾಗ ಯಾವ ಮಾತ್ರೆಯನ್ನು ಹೊಸದಾಗಿ ಕೊಡಲಾಯಿತು, ಯಾವುದನ್ನು ನಿಲ್ಲಿಸಲಾಯಿತು, ಏಕೆ, ಎಂಬ ವಿವರವು ಆ ವೈದ್ಯರಿಗೆ ತಪ್ಪದೆ ತಲುಪಲಿ. ಸರಕಾರದವರು ಮನೆಯ ವೈದ್ಯರ ಸಲಹೆಯನ್ನೂ ವಿಮೆಯ ವ್ಯಾಪ್ತಿಗೆ ತರಲಿ. ಪ್ರತಿಯೊಂದು ಮನೆಯವರೂ ತಮ್ಮ ಊರಿನ ಒಬ್ಬ ವೈದ್ಯರನ್ನು ನೆಚ್ಚಿ, ಎಲ್ಲ ಚೀಟಿಗಳನ್ನೂ ಅವರಿಗೆ ತೋರಿಸಲಿ. ಪರಿಣತರ ಕೈಗುಣವು ಪೂರ್ಣವಾಗಿ ಫಲಿಸುವುದು ಆಗಲೇ.