ಭೌತಶಾಸ್ತ್ರದ ತರಗತಿಗೆ ಹೊಸ ವಿಜ್ಞಾನ ಬರಬೇಕಾದರೆ

1868ನೆಯ ಇಸವಿಯ ಆಗಸ್ಟ್ 18ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ನೆರಳು ಕನ್ನಡನಾಡಿನ ಜಮಖಂಡಿಯ ಮೇಲೆ ಹಾದು, ಗುಂಟೂರನ್ನು ದಾಟಿ, ಮಚಲಿಪಟ್ಟಣದ ಬಳಿ ಕಡಲನ್ನು ಸೇರಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್, ಮಚಲಿಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಅವರು ರೋಹಿತದರ್ಶಕಗಳನ್ನು ಹೂಡಿ ಸೂರ್ಯನ ಅಂಚಿನ ಜ್ವಾಲೆಗಳನ್ನು ಪರೀಕ್ಷಿಸಿದರು. ಆ ಜ್ವಾಲೆಗಳ ಬೆಳಕಿನಲ್ಲಿದ್ದ ಹಳದಿ ಗೆರೆಯೊಂದು ಭೂಮಿಯಲ್ಲಿ ಅದುವರೆಗೆ ತಿಳಿದಿದ್ದ ಯಾವ ಮೂಲವಸ್ತುವಿಗೂ ಸೇರಿದುದಲ್ಲವೆಂದು ಇಂಗ್ಲೆಂಡಿನ ಲಾಕ್ಯರ್ ಮುಂದೆ ತೀರ್ಮಾನಿಸಿದರು. ಅದೇ ಹೀಲಿಯಂ. 1895ರಲ್ಲಿ ರ‍್ಯಾಮ್ಸೆ ಅದನ್ನು ಭೂಮಿಯ ಖನಿಜವೊಂದರಲ್ಲಿಯೂ ಕಂಡುಹಿಡಿದರು.

ಆರೋಗ್ಯದ ಲೇಖನಗಳ ನಡುವೆ ಗ್ರಹಣದ ಮಾತೇಕೆಂದು ಓದುಗರು ಕೇಳಬಹುದು. ಆಸ್ಪತ್ರೆಯ ಎಂ.ಆರ್.ಐ. ಯಂತ್ರದೊಳಗಿನ ಪ್ರಬಲ ಅಯಸ್ಕಾಂತವನ್ನು ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪಾಗಿಡುವುದು ಇದೇ ಹೀಲಿಯಂನ ದ್ರವ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಕೂಡ, ವಿಶಾಖಪಟ್ಟಣದ ನೌಕೆಗಳು ಕಡಲಾಳವನ್ನು ಶೋಧಿಸಲು ಬಳಸುವ ಸೋನಾರ್ ತತ್ತ್ವದಂತೆಯೇ, ಶಬ್ದದ ಪ್ರತಿಧ್ವನಿಯನ್ನು ಆಧರಿಸಿದ್ದು. ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಆಧುನಿಕ ಭೌತಶಾಸ್ತ್ರವು ನಿಂತಿದೆ. ನಿಲ್ಲಬೇಕಾದ ಇನ್ನೊಂದು ಕಡೆ, ಅಂದರೆ ತರಗತಿಯಲ್ಲಿ, ಅದು ನಿಂತಿದೆಯೇ ಎಂಬುದೇ ಪ್ರಶ್ನೆ.

ಜಮಖಂಡಿ ಸೀಮೆಯನ್ನು ತೊಯ್ಸಿದ ಕೃಷ್ಣೆಯೇ ವಿಜಯವಾಡದ ಪ್ರಕಾಶಂ ಬ್ಯಾರೇಜನ್ನೂ ತಲುಪುತ್ತಾಳೆ. ಅವಳ ದಡದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಇತರರಂತೆ ಪ್ರವೇಶ ಪರೀಕ್ಷೆಯ ಓಟಕ್ಕೆ ಸೇರುತ್ತಾರೆ. ಆಂಧ್ರಪ್ರದೇಶದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ 180 ನಿಮಿಷಗಳಿಗೆ 160 ಪ್ರಶ್ನೆಗಳು. ಅವುಗಳಲ್ಲಿ 40 ಭೌತಶಾಸ್ತ್ರದವು. ಒಂದು ಪ್ರಶ್ನೆಗೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಕಾಲ. ಅಲ್ಲಿ ಸೂತ್ರ ನೆನಪಿದ್ದರೆ ಅಂಕ, ಪ್ರಯೋಗಕ್ಕೆ ಅಂಕವಿಲ್ಲ. ದ್ಯುತಿವಿದ್ಯುತ್ ಪರಿಣಾಮ, ಪರಮಾಣು ಬೀಜ, ಅರೆವಾಹಕ ಇವೆಲ್ಲವೂ ಪಠ್ಯಪುಸ್ತಕದಲ್ಲಿವೆ. ಆದುದರಿಂದ ಹೊಸ ವಿಜ್ಞಾನವು ಪುಸ್ತಕಕ್ಕೆ ಬಂದಿಲ್ಲವೆನ್ನಲಾಗದು. ಪುಸ್ತಕದಿಂದ ಮಗುವಿನ ಕೈಗೆ ಅದು ಬಂದಿಲ್ಲ.

ಇದು ಈ ನಾಡಿಗೆ ಒಪ್ಪುವ ಸ್ಥಿತಿಯಲ್ಲ. ಆಂಧ್ರ ವಿಶ್ವವಿದ್ಯಾನಿಲಯವು 1926ರಲ್ಲಿ ಜನ್ಮತಾಳಿದುದು ವಿಜಯವಾಡದಲ್ಲಿ; ಅನಂತರ ಅದು ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು. ಅದರ ಪ್ರಥಮ ಉಪಕುಲಪತಿ ಸಿ. ಆರ್. ರೆಡ್ಡಿಯವರು ಮೊದಲು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದುಡಿದವರು. ರಾಮನ್ ಪರಿಣಾಮವು ಪ್ರಕಟವಾದುದು 1928ರಲ್ಲಿ. ಕಲ್ಕತ್ತೆಯಲ್ಲಿ ರಾಮನ್ನರೊಡನೆ ಕೆಲಸ ಮಾಡಿದ ಸೂರಿ ಭಗವಂತಂ 1932ರಲ್ಲಿ ವಾಲ್ಟೇರಿನ ಅಧ್ಯಾಪಕರಾದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರೂ ಆದರು. ಪ್ರಯೋಗಶಾಲೆಯ ಹೊಸ ಸಂಗತಿ ನಾಲ್ಕೇ ವರ್ಷಗಳಲ್ಲಿ ಈ ಕರಾವಳಿಯ ವಿದ್ಯಾರ್ಥಿಗಳ ಬಳಿಗೆ ಬಂದಿತು. ಅದನ್ನು ಕಣ್ಣಾರೆ ಕಂಡವರೇ ಪಾಠ ಹೇಳಿದುದು ಇದಕ್ಕೆ ಕಾರಣ.

ಎಲ್ಲ ಶಾಲೆಗಳಿಗೂ ಒಬ್ಬ ಭಗವಂತಂ ಸಿಗಲಾರರು. ಪಾಠದ ಅವಧಿ, ಪರೀಕ್ಷೆ, ಆಡಳಿತ ಮಂಡಲಿ ಇವುಗಳ ನಡುವೆ ಸಿಕ್ಕಿದ ಒಬ್ಬಂಟಿ ಉಪಾಧ್ಯಾಯನು ಎಷ್ಟು ಉತ್ಸಾಹಿಯಾದರೂ ಬೇಗ ದಣಿಯುತ್ತಾನೆ. ಹತ್ತು ಜನ ಕೂಡಿದರೆ ಒಬ್ಬನ ಉಪಕರಣ ಇನ್ನೊಬ್ಬನಿಗೆ, ಒಬ್ಬನ ಅನುಭವ ಎಲ್ಲರಿಗೆ ದೊರೆಯುತ್ತದೆ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಾದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಿಜ್ಞಾನಿಗಳನ್ನು ಜನರ ಮುಂದೆ ತಂದು ನಿಲ್ಲಿಸಿದರು. 1984ರಲ್ಲಿ ಪ್ರೊ. ಡಿ. ಪಿ. ಖಂಡೇಲ್ವಾಲ್ ಅವರ ಮುಂದಾಳುತನದಲ್ಲಿ ಭಾರತೀಯ ಭೌತಶಾಸ್ತ್ರ ಅಧ್ಯಾಪಕರ ಸಂಘವು ಹುಟ್ಟಿತು. ಆ ಸಂಘದ ಆಶ್ರಯದಲ್ಲಿ ಪ್ರೊ. ಎಚ್. ಸಿ. ವರ್ಮಾ ಅವರು ಬೆಳೆಸಿದ ‘ಅನ್ವೇಷಿಕಾ’ ಕೇಂದ್ರಗಳು ಸುಲಭ ಸಾಮಗ್ರಿಗಳಿಂದ ಪ್ರಯೋಗ ಮಾಡಿಸುವುದನ್ನು ಅಧ್ಯಾಪಕರಿಗೆ ಕಲಿಸುತ್ತವೆ. ಜಿನೀವಾದ ಸೆರ್ನ್ ಸಂಸ್ಥೆಯೂ 1998ರಿಂದ ಪ್ರೌಢಶಾಲಾ ಉಪಾಧ್ಯಾಯರನ್ನು ಬರಮಾಡಿಕೊಂಡು ಕಣಭೌತಶಾಸ್ತ್ರದ ಪರಿಚಯ ಮಾಡಿಕೊಡುತ್ತಿದೆ.

ಖರ್ಚು ಹೆಚ್ಚೆಂಬ ಆಕ್ಷೇಪಣೆಯು ನಿಲ್ಲುವಂಥದ್ದಲ್ಲ. ಹಳೆಯ ಸಿ.ಡಿ.ಯ ಚೂರು, ರಟ್ಟಿನ ಡಬ್ಬಿ, ಒಂದು ಸೀಳು ಇಷ್ಟಿದ್ದರೆ ರೋಹಿತದರ್ಶಕ ಸಿದ್ಧ. ಅದರಲ್ಲಿ ತಂತಿಯ ಬಲ್ಬು ಅಖಂಡ ಬಣ್ಣದ ಪಟ್ಟಿಯನ್ನು ತೋರಿಸಿದರೆ, ಟ್ಯೂಬ್‌ಲೈಟು ಪಾದರಸದ ಬಿಡಿಬಿಡಿ ಗೆರೆಗಳನ್ನು ತೋರಿಸುತ್ತದೆ. ಗುಂಟೂರಿನಲ್ಲಿ ಜಾನ್ಸೆನ್ ನಡೆಸಿದ ಪರೀಕ್ಷೆಯ ಬೀಜ ಅಲ್ಲಿದೆ. ಕೆಂಪು ಮತ್ತು ನೀಲಿ ಎಲ್.ಇ.ಡಿ. ದೀಪಗಳು ಬೆಳಗತೊಡಗುವ ವೋಲ್ಟೇಜನ್ನು ಅಳೆದರೆ ನೀಲಿಗೆ ಹೆಚ್ಚು ಬೇಕೆಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಪ್ಲಾಂಕರ ಸ್ಥಿರಾಂಕದ ಬಾಗಿಲು ಅದೇ. ಇದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಒಂದು ಗಂಟೆಯ ಕಾಲ.

ಆ ಒಂದು ಗಂಟೆಯನ್ನು ಬಿಟ್ಟುಕೊಡಲು ಒಪ್ಪದವರು ಬಹುಮಟ್ಟಿಗೆ ತಂದೆತಾಯಿಗಳೇ. ಅವರ ಅಂಜಿಕೆ ಅರ್ಥವಾಗದ್ದಲ್ಲ. ಊರು ಬಿಟ್ಟು ಬಂದವರಿಗೆ ಇಲ್ಲಿ ಹೊಲ ಮನೆಗಳ ಆಸರೆಯಿಲ್ಲ. ಮಕ್ಕಳ ಅಂಕಪಟ್ಟಿಯೇ ಅವರ ಆಸ್ತಿ. ಆದರೆ ಹೋಶಂಗಾಬಾದಿನ ಪಾಠವನ್ನು ಅವರು ಮರೆಯಬಾರದು. 1972ರಲ್ಲಿ ಮಧ್ಯಪ್ರದೇಶದ ಆ ಜಿಲ್ಲೆಯ 16 ಶಾಲೆಗಳಲ್ಲಿ, ಉಪಾಧ್ಯಾಯರೂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳೂ ಕೂಡಿ ಪ್ರಯೋಗದಿಂದಲೇ ಕಲಿಸುವ ಕ್ರಮವನ್ನು ಆರಂಭಿಸಿದರು. ಅದು ನೂರಾರು ಶಾಲೆಗಳಿಗೆ ಹಬ್ಬಿ, ಮೂವತ್ತು ವರ್ಷ ನಡೆದು, 2002ರಲ್ಲಿ ಸರ್ಕಾರದ ಆಜ್ಞೆಯಿಂದ ನಿಂತುಹೋಯಿತು. ಅಧ್ಯಾಪಕರ ಒಗ್ಗಟ್ಟು ಎಷ್ಟೇ ದೊಡ್ಡದಾಗಲಿ, ಸಮಾಜವು ಬೆನ್ನಿಗೆ ನಿಲ್ಲದಿದ್ದರೆ ಅದು ಒಂದು ಆಜ್ಞೆಗೆ ಉರುಳುತ್ತದೆ.

ಇಲ್ಲಿಯೇ ಕನ್ನಡ ಸಂಘಗಳಿಗೆ ಕರ್ತವ್ಯವೊಂದು ಕಾದಿದೆ. ವಿಶಾಖಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆಯಿದೆ, ನೌಕಾನೆಲೆಯಿದೆ, ವಿಶ್ವವಿದ್ಯಾನಿಲಯವಿದೆ. ವಿಜಯವಾಡದ ಬಳಿ ಶಾಖ ವಿದ್ಯುತ್ ಸ್ಥಾವರವಿದೆ. ಇಂಥ ಕಡೆಗಳಲ್ಲಿ ದುಡಿದು ನಿವೃತ್ತರಾದವರು ಊರಿನಲ್ಲಿದ್ದಾರೆ. ರಾಜ್ಯೋತ್ಸವಕ್ಕೂ ಯುಗಾದಿಗೂ ತೆರೆಯುವ ಸಭಾಂಗಣವನ್ನು ತಿಂಗಳಿಗೊಂದು ಭಾನುವಾರ ಭೌತಶಾಸ್ತ್ರದ ಉಪಾಧ್ಯಾಯರಿಗೆ ಬಿಟ್ಟುಕೊಟ್ಟರೆ, ತೆಲುಗು ಕನ್ನಡವೆಂಬ ಭೇದವಿಲ್ಲದೆ ಅವರು ಒಂದೆಡೆ ಕೂಡಿಯಾರು. ಕಾಲೇಜಿಗೆ ಮಗುವನ್ನು ಸೇರಿಸುವ ದಿನ ತಂದೆಯಾದವನು ಹಿಂದಿನ ವರ್ಷದ ರ‍್ಯಾಂಕುಗಳನ್ನು ವಿಚಾರಿಸುವಂತೆ, ಪ್ರಯೋಗಶಾಲೆಯ ಬಾಗಿಲು ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆಂದೂ ವಿಚಾರಿಸಲಿ. ಆ ಪ್ರಶ್ನೆಯನ್ನು ಹತ್ತು ಮಂದಿ ಕೇಳಿದರೆ ಬೀಗ ತಾನಾಗಿಯೇ ತೆಗೆಯುತ್ತದೆ.